ಅಲ್ಲಾಡದ ಸೀಟು

ಮೇಸ್ತ್ರಿಯವರ ಬಲಗಿವಿಯ ಮೇಲೆ ಯಾವಾಗಲೂ ಸೈಕಲ್ ಚಕ್ರದ ಒಂದು ಕಡ್ಡಿ ಇರುತ್ತಿತ್ತು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಕಿವಿಯ ಹಿಂದೆ ಸರಿಯಾಗಿ ಕೂರಲೆಂದು ಅದರ ತುದಿಯನ್ನು ಬಗ್ಗಿಸಿಕೊಂಡಿದ್ದರು. ಚೈನಿನ ಸಂದಿಯ ಮಣ್ಣು ಕೆದಕುವುದು ಅದರಲ್ಲೇ, ಚಾ ಕದಡುವುದು ಅದರಲ್ಲೇ, ಮಾತಿನ ನಡುವೆ ಕಿವಿ ತುರಿಸಿಕೊಳ್ಳುವುದೂ ಅದರಲ್ಲೇ. ಯಾವುದು ಯಾವುದರ ನಂತರ ಎಂದು ನೋಡಲು ಹೋಗಬಾರದು. ನಾನು ಒಮ್ಮೆ ನೋಡಿದೆ, ಅಂದಿನಿಂದ ಅವರ ಅಂಗಡಿಯಲ್ಲಿ ಚಾ ಕುಡಿಯುವುದನ್ನು ಬಿಟ್ಟೆ. ಅವರು ತೀರಿಕೊಂಡು, ಚಾಪೆಯ ಮೇಲೆ ಮಲಗಿಸಿದ್ದಾಗ ಕಡ್ಡಿ ಇರಲಿಲ್ಲ, ಅದು ಕೂರುತ್ತಿದ್ದ ಜಾಗದಲ್ಲಿ ಒಂದು ಗೀರು ಮಾತ್ರ ಕಾಣುತ್ತಿತ್ತು.

ಅವರ ಸೈಕಲ್ ರಿಪೇರಿ ಅಂಗಡಿ ಹಳದೀಪುರದಲ್ಲಿ ಹೆದ್ದಾರಿಯ ಪಕ್ಕ. ರಸ್ತೆ ಅಗಲವಾದ ಹಾಗೆಲ್ಲ ಅಂಗಡಿ ಹಿಂದೆ ಸರಿಯುತ್ತ ಹೋಗಿ, ಕೊನೆಗೆ ತೆಂಗಿನ ತೋಟದ ಬೇಲಿಗೆ ಬೆನ್ನು ಕೊಟ್ಟು ನಿಂತಿತ್ತು. ಇನ್ನು ಸರಿಯಲು ಜಾಗವಿರಲಿಲ್ಲ. ಒಳಗೆ ಹಳೆಯ ರಿಮ್ಮು, ಟ್ಯೂಬು, ಸೀಮೆಎಣ್ಣೆಯ ವಾಸನೆ. ಒಂದು ಹಲಗೆಯ ಮೇಲೆ ಪ್ರವಾಸಿಗರು ಕುಡಿದು ರಸ್ತೆಗೆ ಎಸೆದ ತಂಪು ಪಾನೀಯದ ಡಬ್ಬಿಗಳ ರಾಶಿ. ಅವನ್ನು ಕತ್ತರಿಸಿ, ಬಡಿದು, ಪಟ್ಟಿ ಮಾಡಿ ಇಟ್ಟುಕೊಳ್ಳುತ್ತಿದ್ದರು. ಒಂದು ಪೈಪಿನೊಳಗೆ ಇನ್ನೊಂದು ಸಡಿಲವಾಗಿ ಆಡುತ್ತಿದ್ದರೆ ಆ ತಗಡು ಸುತ್ತಿ ಬಿಗಿ ಮಾಡುವುದು ಅವರ ಪದ್ಧತಿ. ಹಳದೀಪುರದ ಅರ್ಧಕ್ಕರ್ಧ ಸೈಕಲ್ಲುಗಳ ಹೊಟ್ಟೆಯಲ್ಲಿ ಆ ಡಬ್ಬಿಯ ತುಂಡು ಇದೆ.

ನಾನು ಭಟ್ಕಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಬಹಳ ಸಲ ನಿಂತುಕೊಂಡೇ. ಓಡಾಡಿ ಓಡಾಡಿ ಜೀವ ಹಣ್ಣಾಗಿದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಉತ್ತರ ಹೇಳಿಯೂ ಸಾಕಾಗಿದೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ಮನೆಯಲ್ಲಿ ಅಪ್ಪ ಮತ್ತು ನಾನು. ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ ಮೇಸ್ತ್ರಿಯವರ ಅಂಗಡಿ, ಅಂಗಡಿಯ ಮುಂದೆ ಒಂದು ಮುರುಕು ಬೆಂಚು. ಅಲ್ಲಿ ಸ್ವಲ್ಪ ಕೂತು, ಕಾಲು ನೀವಿಕೊಂಡು, ಆಮೇಲೆ ಮನೆಗೆ ಹೋಗುವುದು ನನಗೆ ರೂಢಿ. ಅಲ್ಲಿ ನಾನು ಬಾಯಿ ಬಿಡಬೇಕಾಗಿರಲಿಲ್ಲ. ಅವರೊಬ್ಬರೇ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದರು.

ಆ ಮನುಷ್ಯನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ನನ್ನ ಕೆಲಸ ಕಾಯಂ ಆದ ಸುದ್ದಿಯನ್ನು ನಾನು ದಾರಿಯಲ್ಲಿ ಅವರಿಗೆ ಹೇಳಿ, ತೆಂಗಿನಕಾಯಿ ತೆಗೆದುಕೊಂಡು ಮನೆಗೆ ಹೋಗುವಷ್ಟರಲ್ಲಿ ಅಪ್ಪನಿಗೆ ಅದು ಗೊತ್ತಾಗಿ ಹೋಗಿತ್ತು. ಒಮ್ಮೆ ಊರಿನ ಹುಡುಗನೊಬ್ಬ ಅಂಗಡಿಯಲ್ಲಿ ಸೈಕಲ್ ಬಿಟ್ಟು, ಯಾರಿಗೂ ಹೇಳಬೇಡಿ ಎಂದು ಕೈಮುಗಿದು, ಪಕ್ಕದ ಕೇರಿಯ ಹುಡುಗಿಯ ಜೊತೆ ಬಸ್ಸು ಹತ್ತಿದ. ಆ ಬಸ್ಸು ಶರಾವತಿ ಸೇತುವೆ ದಾಟುವ ಮೊದಲೇ ಹುಡುಗಿಯ ಅಪ್ಪ ಬೈಕ್ ಹೊರಡಿಸಿದ್ದ. ಯಾಕೆ ಹೇಳಿದಿರಿ ಎಂದು ನಾನು ರೇಗಿದರೆ, ಹೇಳಬೇಡ ಅಂದದ್ದನ್ನು ಹೇಳದೇ ಇದ್ದರೆ ತಮಗೆ ಅನ್ನ ಇಳಿಯುವುದಿಲ್ಲ ಅಂದರು. ಆಮೇಲೆ ಆ ಜೋಡಿಯ ಮದುವೆಯಲ್ಲಿ ಎರಡೂ ಮನೆಯವರ ಜೊತೆ ಕೂತು ಉಂಡು ಬಂದರು.

ಹಾಗೆಂದು ಅವರು ಹೇಳುವುದೆಲ್ಲ ನಿಜವೂ ಆಗಿರುತ್ತಿರಲಿಲ್ಲ. ಯಾವ ಹಳೆಯ ಸೈಕಲ್ ಬಂದರೂ ಕಿವಿಯ ಮೇಲಿನ ಕಡ್ಡಿ ತೆಗೆದು ಪೈಪಿಗೆ ಒಂದು ಸಲ ತಟ್ಟಿ, ಕತ್ತು ವಾಲಿಸಿ ಕೇಳಿ, ಇದು ಇಂಥ ದೇಶದ್ದು ಎಂದು ತೀರ್ಪು ಕೊಡುತ್ತಿದ್ದರು. ತೆಳು ಉಕ್ಕಿನ ಪೈಪಾದರೆ ಸದ್ದು ಉದ್ದಕ್ಕೆ ಎಳೆಯುತ್ತದೆ, ದಪ್ಪ ಕಬ್ಬಿಣವಾದರೆ ಅಲ್ಲೇ ಸಾಯುತ್ತದೆ ಎಂಬುದು ಅವರ ಶಾಸ್ತ್ರ. ಕುಮಟಾದಿಂದ ಬಂದ ಒಂದು ಸೈಕಲ್ಲನ್ನು ಇಂಗ್ಲೆಂಡಿನದು ಎಂದು ಆಣೆ ಮಾಡಿ ಹೇಳಿದ್ದರು. ಬಣ್ಣ ಕೆರೆದಾಗ ಕೆಳಗೆ ಲುಧಿಯಾನ ಎಂದಿತ್ತು. ಮೇಸ್ತ್ರಿಗೆ ನಾಚಿಕೆಯೇನೂ ಆಗಲಿಲ್ಲ.

"ಕಬ್ಬಿಣ ಸುಳ್ಳು ಹೇಳೂದಿಲ್ಲ ತಂಗಿ," ಅಂದರು. "ಸುಳ್ಳು ಹೇಳೂಕೆ ನಾ ಇದ್ನಲ."

ಇಂಥವರಿಗೂ ನಮ್ಮ ಮನೆಗೂ ನಂಟು ಬೆಳೆದದ್ದು ನನ್ನ ಅಣ್ಣನ ಸೈಕಲ್ಲಿನಿಂದ. ಅಣ್ಣ ಓಂ ಬೀಚಿನಲ್ಲಿ ಒಂದು ಸೋಗೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಕರಾವಳಿಯುದ್ದಕ್ಕೂ ಸೈಕಲ್ ಹೊಡೆದುಕೊಂಡು ಬಂದ ಪರದೇಶದವನೊಬ್ಬ ಅಲ್ಲಿ ಜ್ವರ ಹಿಡಿದು ಮಲಗಿದ. ಅಣ್ಣ ಗಂಜಿ ಕಾಸಿ ಕೊಟ್ಟು ನೋಡಿಕೊಂಡ. ವಾಸಿಯಾದ ಮೇಲೆ ಅವನು ಬಸ್ಸು ಹತ್ತಿ ಹೋದ, ಸೈಕಲ್ಲನ್ನು ಅಣ್ಣನಿಗೆ ಬಿಟ್ಟ. ತೆಳು ಚಕ್ರ, ತೆಳು ಪೈಪು, ಕೆಳಕ್ಕೆ ಸುರುಳಿ ಸುತ್ತಿದ ಹ್ಯಾಂಡಲ್ಲು. ನಮ್ಮೂರಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಟಗರುಕೊಂಬಿನ ಸೈಕಲ್ಲು ಎಂದು ಅದಕ್ಕೆ ಹೆಸರು ಬಿತ್ತು.

ಅಪ್ಪ ಆಗ ತಾಂಡೇಲ, ಅಂದರೆ ದೋಣಿ ನಡೆಸುವವ. ಉಪ್ಪುಗಾಳಿ ಏನು ಮಾಡುತ್ತದೆ ಎಂದು ಅವನಿಗೆ ಗೊತ್ತು. ಮಳೆಗಾಲಕ್ಕೆ ಮೊದಲು ದೋಣಿಗೆ ಮಾಡುವುದನ್ನೆಲ್ಲ ಸೈಕಲ್ಲಿಗೂ ಮಾಡಿದ. ಮೊದಲು ದೋಣಿಗೆ ಹೊಡೆದು ಉಳಿದ ಹಸಿರು ಬಣ್ಣ ಬಳಿದ. ಆಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ, ನಾವು ಗೇರೆಣ್ಣೆ ಅನ್ನುತ್ತೇವೆ, ಅದನ್ನು ಕಾಯಿಸಿ ಸೀಟಿನ ಕೆಳಗಿನ ಪೈಪಿನೊಳಗೆ ಸುರಿದ. ಗೇರೆಣ್ಣೆ ಮರಕ್ಕೆ ಅಮೃತ. ಒಣಗಿದರೆ ಕಲ್ಲಿನ ಹಾಗೆ ಕೂರುತ್ತದೆ, ಹುಳ ಬರುವುದಿಲ್ಲ, ನೀರು ಹಿಡಿಯುವುದಿಲ್ಲ. ಚರ್ಮಕ್ಕೆ ತಾಗಿದರೆ ಮಾತ್ರ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಅದಕ್ಕೇ ಅಪ್ಪ ಹಚ್ಚುವ ಮೊದಲೂ ಹಚ್ಚಿದ ಮೇಲೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ.

ಸೈಕಲ್ಲಿನೊಳಗೂ ಅದು ಕಲ್ಲಿನ ಹಾಗೇ ಕೂತಿತು. ಸೀಟನ್ನು ಹೊತ್ತ ಕಂಬ ಪೈಪಿಗೆ ಕಚ್ಚಿಕೊಂಡುಬಿಟ್ಟಿತು. ಎತ್ತರದ ಪರದೇಶದವನ ಕಾಲಿಗೆ ಸರಿಯಾಗಿದ್ದ ಸೀಟು, ಅಣ್ಣ ಗಿಡ್ಡ. ಪೆಡಲಿಗೆ ಕಾಲು ಎಟುಕಿಸಲು ಅವನು ಆಚೆ ಈಚೆ ಸೊಂಟ ವಾಲಿಸುತ್ತ ಹೋಗಬೇಕಾಗಿತ್ತು, ನೋಡಿದವರೆಲ್ಲ ನಗುತ್ತಿದ್ದರು. ಮೇಸ್ತ್ರಿ ಮನೆಗೇ ಬಂದು ಅಪ್ಪನನ್ನು ಬೈದರು. ದೋಣಿಯೇ ಬೇರೆ ಸೈಕಲ್ಲೇ ಬೇರೆ, ಇಂಥ ಒಳ್ಳೆಯ ಉಕ್ಕಿಗೆ ಗೇರೆಣ್ಣೆ ಹಾಕುವುದು ಕೊಲೆ ಮಾಡಿದ ಹಾಗೆ ಎಂದು ಅಂಗಳದಲ್ಲಿ ನಿಂತು ಕೂಗಾಡಿದರು. ಅಪ್ಪ ತಾನು ಮಾಡಿದ್ದೇ ಸರಿ ಅಂದ. ಆಮೇಲೆ ವರ್ಷಗಟ್ಟಲೆ ಆ ಕಥೆ ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಸಿಕ್ಕಿತು. ತಾಂಡೇಲ ಸೈಕಲ್ಲಿಗೆ ಗೇರೆಣ್ಣೆ ಹೊಯ್ದ ಕಥೆಯನ್ನು ಮೇಸ್ತ್ರಿ ಕೈಸನ್ನೆ ಮಾಡಿ, ಅಣ್ಣ ಸೊಂಟ ವಾಲಿಸುವುದನ್ನು ನಟಿಸಿ ಹೇಳುತ್ತಿದ್ದರು. ಅಣ್ಣನೂ ಬೆಂಚಿನ ಮೇಲೆ ಕೂತು ಕೇಳಿ ನಗುತ್ತಿದ್ದ.

ಅಣ್ಣ ಒಂದು ಮಳೆಗಾಲದಲ್ಲಿ ಜ್ವರದಿಂದ ಹೋದ. ನಾನು ಆಗ ಕಾಲೇಜಿನಲ್ಲಿದ್ದೆ. ಹನ್ನೆರಡನೆಯ ದಿನದ ಕಾರ್ಯ ಮುಗಿದ ಮರುದಿನ ಅಪ್ಪ ಆ ಸೈಕಲ್ಲನ್ನು ತಳ್ಳಿಕೊಂಡು ಹೆದ್ದಾರಿಗೆ ಹೋಗಿ, ಅಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಎತ್ತಿ ಹಾಕಿ ಬಂದ. ನನ್ನನ್ನು ಕೇಳಲಿಲ್ಲ. ಅವನ ಕಣ್ಣೆದುರು ಅದು ನಿಂತಿರುವುದನ್ನು ಅವನಿಗೆ ತಡೆಯಲಾಗಲಿಲ್ಲ ಎಂದು ಈಗ ಅರ್ಥವಾಗುತ್ತದೆ, ಆಗ ಆಗಿರಲಿಲ್ಲ. ಅಂದಿನಿಂದ ಅಪ್ಪನ ಬಾಯಲ್ಲಿ ಅಣ್ಣನ ಹೆಸರು ನಿಂತುಹೋಯಿತು. ಮೇಸ್ತ್ರಿಯವರೂ ಗೇರೆಣ್ಣೆಯ ಕಥೆ ಹೇಳುವುದನ್ನು ನಿಲ್ಲಿಸಿದರು. ಅವರು ಹೇಳುವುದನ್ನು ನಿಲ್ಲಿಸಿದ ಕಥೆ ನನಗೆ ಗೊತ್ತಿರುವ ಹಾಗೆ ಅದೊಂದೇ.

ನಾನು ಮಾತ್ರ ಹುಡುಕುತ್ತಲೇ ಇದ್ದೆ. ಹುಡುಕುತ್ತೇನೆ ಎಂದು ಯಾರಿಗೂ ಹೇಳಲಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುವ ಪ್ರತಿ ಹಳೆಯ ಸೈಕಲ್ಲಿನ ಹ್ಯಾಂಡಲ್ಲಿಗೆ ಕಣ್ಣು ಹೋಗುತ್ತಿತ್ತು. ವರ್ಷಗಳು ಕಳೆದ ಮೇಲೆ ಅದು ಆಸೆಯಾಗಿಯೂ ಉಳಿಯಲಿಲ್ಲ, ಸುಮ್ಮನೆ ಒಂದು ಚಟ. ಕಣ್ಣಿಗೇ ದಣಿವಾಗಿತ್ತು.

ಹಾಗಿರುವಾಗ ಭಟ್ಕಳದಲ್ಲಿ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಜರಿ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಹರಿದ ಬಲೆ, ಮುರಿದ ಫ್ಯಾನುಗಳ ರಾಶಿಯ ಕೆಳಗಿನಿಂದ ಟಗರುಕೊಂಬು ಇಣುಕುತ್ತಿತ್ತು. ಮೇಲೆ ದೋಣಿಯ ನೀಲಿ ಬಣ್ಣ ದಪ್ಪಗೆ ಬಳಿದಿದ್ದರು. ಗೇರುಸೊಪ್ಪೆ ಕಡೆಯಿಂದ ಬಂದ ಲೋಡಿನಲ್ಲಿತ್ತು, ಅದರ ಹಿಂದಿನದು ಗೊತ್ತಿಲ್ಲ ಎಂದು ಅಂಗಡಿಯವನು ಅಂದ. ಸಂಜೆ ಬಸ್ಸಿಗೆ ಹತ್ತಿಸಲು ಹೋದರೆ ಕಂಡಕ್ಟರು ಬಿಡಲಿಲ್ಲ. ಕುಮಟಾಕ್ಕೆ ಖಾಲಿ ಹೋಗುತ್ತಿದ್ದ ಮೀನಿನ ಟೆಂಪೋದವನಿಗೆ ಗೋಗರೆದು, ಅದರಲ್ಲೇ ಕೂತು, ಮೀನಿನ ವಾಸನೆ ಹೊಡೆಯುತ್ತ ಸೈಕಲ್ಲಿನ ಸಮೇತ ಮೇಸ್ತ್ರಿಯವರ ಅಂಗಡಿ ಮುಂದೆ ಇಳಿದೆ.

ಮೇಸ್ತ್ರಿ ಕಡ್ಡಿ ತೆಗೆದು ಪೈಪಿಗೆ ತಟ್ಟಿದರು. ಸದ್ದು ಉದ್ದಕ್ಕೆ ಎಳೆಯಿತು. ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಕೂರುವ ಜಾಗದ ಕೆಳಗೆ ಬಣ್ಣ ಕೆರೆದು ಅಲ್ಲಿ ಒತ್ತಿದ್ದ ನಂಬರು ನೋಡಿದರು. ನೋಡಿ ಏನು ಪ್ರಯೋಜನ, ಅಣ್ಣನ ಸೈಕಲ್ಲಿನ ನಂಬರು ಯಾರು ಬರೆದಿಟ್ಟಿದ್ದರು? ಮುಂದೆ ಹೆಸರಿನ ಬಿಲ್ಲೆ ಇದ್ದ ಕಡೆ ಎರಡು ತೂತು ಮಾತ್ರ ಉಳಿದಿದ್ದವು. ಪೈಪುಗಳು ಕೂಡುವ ಕಡೆ ಅಂಚನ್ನು ಎಲೆಯ ಹಾಗೆ ಕೊರೆದಿದ್ದರು. ಅಣ್ಣನದ್ದರಲ್ಲೂ ಹಾಗೇ ಇತ್ತು ಎಂದು ನಾನು ಹೇಳಿದೆ. ಒಳ್ಳೆಯ ಸೈಕಲ್ಲಿನಲ್ಲೆಲ್ಲ ಹಾಗೇ ಇರುತ್ತದೆ ಎಂದು ಅವರು ಅಂದರು. ಬಿಚ್ಚಿ ನೋಡದೆ ಏನೂ ಹೇಳುವುದಿಲ್ಲ, ನಾಳೆ ಬಾ ಎಂದು ನನ್ನನ್ನು ಕಳಿಸಿದರು.

ನಾನು ಮನೆಗೆ ಹೋಗಿ ಅಪ್ಪನಿಗೆ ಹೇಳಿಬಿಟ್ಟೆ. ತಡೆಯಲಾಗಲಿಲ್ಲ. ಅಪ್ಪ ಉಣ್ಣುತ್ತಿದ್ದವನು ಕೈ ತೊಳೆದುಕೊಂಡು ಎದ್ದ. ಜಗಲಿಗೆ ಹೋಗಿ ಕೂತು, ಅಣ್ಣನ ಹೆಸರು ಹಿಡಿದು, ಅವನ ಸೈಕಲ್ಲು ಯಾವಾಗ ತಯಾರಾಗುತ್ತದೆ ಎಂದು ಕೇಳಿದ. ಎಷ್ಟೋ ವರ್ಷಗಳ ಮೇಲೆ ಆ ಹೆಸರು ನಮ್ಮ ಮನೆಯೊಳಗೆ ಕೇಳಿಸಿತು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಸಂಜೆ ಹೋದಾಗ ಸೈಕಲ್ಲು ಪೂರ್ತಿ ಬಿಚ್ಚಿ ಗೋಣಿಯ ಮೇಲೆ ಹರಡಿತ್ತು. ಚಕ್ರಗಳು ಒಂದು ಕಡೆ, ಚೈನು ಸೀಮೆಎಣ್ಣೆಯಲ್ಲಿ, ಸೀಟು ಮತ್ತು ಸೀಟಿನ ಕಂಬ ಬೆಂಚಿನ ಮೇಲೆ, ಬ್ರೇಕುಗಳು ಡಬ್ಬಿಯಲ್ಲಿ. ಮೇಸ್ತ್ರಿ ನೀಲಿ ಬಣ್ಣವನ್ನು ಒಂದು ಕಡೆ ಕೆರೆದಿದ್ದರು. ಕೆಳಗೆ ಹಸಿರು ಕಾಣುತ್ತಿತ್ತು. ನನ್ನ ಕಣ್ಣೆಲ್ಲ ಆ ಹಸಿರಿನ ಮೇಲೆ. ನೋಡಿ, ನಮ್ಮ ದೋಣಿಯ ಬಣ್ಣ ಎಂದು ನಾನು ಚಿಕ್ಕ ಹುಡುಗಿಯ ಹಾಗೆ ಕುಣಿದಾಡಿದೆ.

"ಹಸಿರು ಎಲ್ಲರ ದೋಣಿಗೂ ಇರ್ತದೆ ತಂಗಿ," ಅಂದರು ಮೇಸ್ತ್ರಿ. ಅವರ ಮುಖದಲ್ಲಿ ನಗು ಇರಲಿಲ್ಲ. ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದರು. ಹೇಳಿದೆ ಎಂದು, ಅಪ್ಪ ಅಣ್ಣನ ಹೆಸರು ಹೇಳಿದ್ದನ್ನು, ಊಟ ಬಿಟ್ಟದ್ದನ್ನು, ಬೆಳಿಗ್ಗೆ ಎದ್ದು ಜಗಲಿಯ ಮೂಲೆಯಲ್ಲಿ ಸೈಕಲ್ ನಿಲ್ಲಿಸಲು ಜಾಗ ಗುಡಿಸಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಮೇಸ್ತ್ರಿ ಕಿವಿಯ ಮೇಲಿನ ಕಡ್ಡಿ ತೆಗೆದು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಮತ್ತೆ ಸಿಕ್ಕಿಸಿಕೊಂಡರು.

"ಆತು," ಅಂದರು. "ಕಟ್ವ."

ಕಟ್ಟುವುದು ಹೇಳಿದಷ್ಟು ಸುಲಭವಿರಲಿಲ್ಲ. ಪೆಡಲಿನ ತೋಳನ್ನು ಹಿಡಿದಿಟ್ಟಿದ್ದ ಪಿನ್ನು ತುಕ್ಕು ಹಿಡಿದು ಅಲ್ಲೇ ಸತ್ತಿತ್ತು, ಅದನ್ನು ಕೊರೆದೇ ತೆಗೆಯಬೇಕಾಯಿತು. ಮುಂದಿನ ಫೋರ್ಕು ಒಂದು ಕಡೆ ವಾಲಿತ್ತು. ನಮ್ಮ ಕಡೆ ಸಿಗುವ ಟೈರು ಆ ರಿಮ್ಮಿಗೆ ಕೂರುತ್ತಿರಲಿಲ್ಲ, ಹುಬ್ಬಳ್ಳಿಯಿಂದ ತರಿಸಿದ ಮೊದಲ ಜೋಡಿಯೂ ಕೂರಲಿಲ್ಲ. ಗಿಯರು ಬದಲಿಸುವ ಸಾಮಾನು ಯಾವ ಊರಲ್ಲೂ ಸಿಗದೆ, ಕೊನೆಗೆ ಒಂದೇ ಗಿಯರಿಗೆ ಇಳಿಸಿದರು. ಯಾವಾಗ ಕೇಳಿದರೂ ನಾಳೆ. ಆ ನಾಳೆ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಮನೆಗೆ ಹೋದರೆ ಅಪ್ಪ ಬಾಗಿಲಲ್ಲೇ ನಿಂತು ಎಷ್ಟಾಯಿತು ಎಂದು ಕೇಳುತ್ತಿದ್ದ. ಎರಡು ಮುದುಕರ ನಡುವೆ ಸಿಕ್ಕಿ ನಾನು ಸುಸ್ತಾಗಿದ್ದೆ.

ಆದರೂ ಚಕ್ರದ ಬೆಂಡು ತೆಗೆಯುವಾಗ ಅವರನ್ನು ನೋಡುತ್ತ ಕೂರುವುದು ಹಿತವಾಗಿರುತ್ತಿತ್ತು. ಚಕ್ರ ತಿರುಗಿಸಿ, ಒಂದೊಂದು ಕಡ್ಡಿಗೂ ಕೀಲಿ ಹಾಕಿ ಒಂದಿಷ್ಟು ಬಿಗಿದು, ಒಂದಿಷ್ಟು ಸಡಿಲಿಸಿ, ಮತ್ತೆ ತಿರುಗಿಸುವರು. ಅಷ್ಟು ಹೊತ್ತು ಮಾತ್ರ ಅವರ ಬಾಯಿ ಮುಚ್ಚಿರುತ್ತಿತ್ತು. ಎದುರಿನ ಹೆದ್ದಾರಿಯಲ್ಲಿ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದರೂ ಅವರಿಗೆ ಪರಿವೆ ಇಲ್ಲ. ಒಂದು ಸಂಜೆ, ಸೀಟು ಎಷ್ಟು ಎತ್ತರ ಇತ್ತು ನೆನಪಿದೆಯಾ ಎಂದು ನನ್ನನ್ನು ಕೇಳಿದರು. ನಾನು ಅಣ್ಣನ ಸೀಟು ನನ್ನ ಎದೆಗೆ ಬರುತ್ತಿತ್ತು ಎಂದು ಕೈ ಇಟ್ಟು ತೋರಿಸಿದೆ. ತಮಗೂ ಹಾಗೇ ನೆನಪು ಅಂದರು.

ಹ್ಯಾಂಡಲ್ಲನ್ನು ಬಿಚ್ಚಿಯೇ ನಮ್ಮ ಮನೆಗೆ ತಂದು ಅಪ್ಪನ ಮಡಿಲಿಗೆ ಇಟ್ಟರು. ಅಣ್ಣನ ಸೈಕಲ್ಲಿಗೆ ಅಪ್ಪ ಬಲೆ ನೇಯುವ ಹುರಿಯನ್ನು ಸುತ್ತಿ ಹಿಡಿಕೆ ಮಾಡಿಕೊಟ್ಟಿದ್ದ, ಅದನ್ನು ಮತ್ತೆ ಸುತ್ತಿಸಬೇಕಿತ್ತು. ಅಪ್ಪ ಹಾಕಿದ ಗಂಟು ಗಟ್ಟಿಯಾಗಿ ಬಿತ್ತು. ಬಣ್ಣವೂ ಅಪ್ಪ ಹೇಳಿದ್ದೇ, ದೋಣಿಯ ಹಸಿರು. ಇಂಥ ಸೈಕಲ್ಲಿಗೆ ದೋಣಿ ಬಣ್ಣವೇ ಎಂದು ಮೇಸ್ತ್ರಿ ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ.

ಮೇಸ್ತ್ರಿ ಸೈಕಲ್ಲನ್ನು ಮನೆಗೆ ತಂದ ದಿನ ಅವರ ಬಲಗೈಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಎಂತ ಆಯಿತು ಎಂದರೆ, ಚಾ ಚೆಲ್ಲಿತು ಅಂದರು. ಆ ಕಡ್ಡಿಯಲ್ಲಿ ಕದಡಿದರೆ ಚೆಲ್ಲದೆ ಇನ್ನೇನು ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ, ಅಪ್ಪನನ್ನು ನೋಡುತ್ತಿದ್ದರು.

ಅಪ್ಪ ಮೆಟ್ಟಿಲಿಳಿದು ನೇರ ಸೈಕಲ್ಲಿನ ಹತ್ತಿರ ಹೋದ. ಹ್ಯಾಂಡಲ್ಲು ಮುಟ್ಟಲಿಲ್ಲ, ಬಣ್ಣ ನೋಡಲಿಲ್ಲ. ಎರಡೂ ಕೈಯಿಂದ ಸೀಟನ್ನು ಹಿಡಿದು, ದೋಣಿಯ ಚುಕ್ಕಾಣಿ ತಿರುಗಿಸುವವನ ಹಾಗೆ ಮೈಭಾರವೆಲ್ಲ ಹಾಕಿ ತಿರುಗಿಸಿದ. ಸೀಟು ಅಲ್ಲಾಡಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಅಲ್ಲಾಡಲಿಲ್ಲ.

"ಹೌದು," ಅಂದ ಅಪ್ಪ. "ನಮ್ಮದೇ." ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ನಾನು ಚಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಸಂತೋಷಕ್ಕೆ ಅತ್ತೆನೋ, ಇಷ್ಟು ವರ್ಷದ ಆಯಾಸಕ್ಕೆ ಅತ್ತೆನೋ ಗೊತ್ತಿಲ್ಲ. ಚಾ ತೆಗೆದುಕೊಂಡು ಹೊರಗೆ ಬಂದಾಗ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಅಪ್ಪನ ಕೈಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಇತ್ತು. ಈ ಹೊತ್ತಿನಲ್ಲಿ ಇದು ಯಾಕೆ ಹೊರಗೆ ಬಂತು ಎಂದುಕೊಂಡು ಚಾ ಕೊಟ್ಟೆ.

ಆಮೇಲೆ ಅಪ್ಪ ಬೇರೆಯೇ ಮನುಷ್ಯನಾದ. ದಿನಾ ಬೆಳಿಗ್ಗೆ ಆ ಸೈಕಲ್ಲನ್ನು ಒರೆಸುತ್ತಿದ್ದ. ಒರೆಸುತ್ತ ಅಣ್ಣನ ಸುದ್ದಿ ತೆಗೆಯುತ್ತಿದ್ದ. ಅವನು ಚಿಕ್ಕವನಿದ್ದಾಗ ದೋಣಿಯಲ್ಲಿ ನಿದ್ದೆ ಹೋದದ್ದು, ಸೊಂಟ ವಾಲಿಸುತ್ತ ಸೈಕಲ್ ಹೊಡೆಯುತ್ತಿದ್ದದ್ದು. ನಾನು ಕೇಳದ ಕಥೆಗಳೂ ಬಂದವು. ನಾನು ಬಸ್ಸಿಗೆ ತಡವಾದರೂ ನಿಂತು ಕೇಳುತ್ತಿದ್ದೆ. ಮೇಸ್ತ್ರಿಯವರು ಮಾತ್ರ ಈ ಸೈಕಲ್ಲಿನ ಬಗ್ಗೆ ಅಂಗಡಿಯಲ್ಲಿ ಯಾರ ಹತ್ತಿರವೂ ಕೊಚ್ಚಿಕೊಳ್ಳಲಿಲ್ಲ. ಲುಧಿಯಾನದ ಸೈಕಲ್ಲನ್ನು ಇಂಗ್ಲೆಂಡಿಗೆ ಸೇರಿಸಿದ ಮನುಷ್ಯ ಇಷ್ಟು ದೊಡ್ಡ ಕೆಲಸ ಮಾಡಿ ಸುಮ್ಮನಿದ್ದದ್ದು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ. ವಯಸ್ಸಾಯಿತು, ಬಾಯಿ ಸೋತಿರಬೇಕು ಅಂದುಕೊಂಡೆ.

ಕಳೆದ ಮಳೆಗಾಲದ ಕೊನೆಗೆ ಅವರು ಅಂಗಡಿಯಲ್ಲೇ ಎದೆನೋವೆಂದು ಬೆಂಚಿನ ಮೇಲೆ ಮಲಗಿದವರು ಏಳಲಿಲ್ಲ. ನಾನು ಬಸ್ಸಿಳಿದು ಬರುವಾಗ ಜನ ಸೇರಿದ್ದರು. ಈಗ ಅಂಗಡಿಯ ತಗಡಿನ ಬಾಗಿಲು ಮುಚ್ಚಿದೆ. ಬೆಂಚು ಇದೆ. ಒಂದೆರಡು ದಿನ ಕೂತು ನೋಡಿದೆ, ಮಾತಿಲ್ಲದ ಆ ಬೆಂಚಿನ ಮೇಲೆ ಕಾಲುನೋವು ಇಳಿಯುವುದಿಲ್ಲ, ಬಿಟ್ಟುಬಿಟ್ಟೆ.

ಕಾಲುನೋವು ಜಾಸ್ತಿಯಾಗಿ, ಬಸ್ ನಿಲ್ದಾಣಕ್ಕೆ ಸೈಕಲ್ಲಿನಲ್ಲೇ ಹೋದರೆ ಹೇಗೆ ಎಂದು ಈ ಚಳಿಗಾಲದಲ್ಲಿ ಯೋಚನೆ ಬಂತು. ನಾನೂ ಗಿಡ್ಡಿಯೇ, ಸೀಟು ಇಳಿಸಬೇಕಿತ್ತು. ಅದು ಇಳಿಯುವುದಿಲ್ಲ, ಸುಮ್ಮನೆ ಬಿಡು ಎಂದು ಅಪ್ಪ ಅಂದ. ನಾನು ಕೇಳದೆ ಹೊನ್ನಾವರದ ಒಂದು ಅಂಗಡಿಗೆ ಒಯ್ದೆ. ಅಲ್ಲಿಯವರು ಬಹಳ ಹೊತ್ತು ಗ್ಯಾಸಿನ ಬೆಂಕಿಯಲ್ಲಿ ಪೈಪು ಕಾಯಿಸಿ, ದೊಡ್ಡ ಪಾನಾ ಹಾಕಿ, ಇಬ್ಬರು ಸೇರಿ ತಿರುಗಿಸಿದರು. ಗೇರೆಣ್ಣೆ ಸುಟ್ಟ ವಾಸನೆ ಬಂತು, ಸೀಟಿನ ಕಂಬ ಕಿತ್ತು ಹೊರಬಂತು. ಅದರ ಬುಡಕ್ಕೆ ಒಂದು ತಗಡಿನ ಪಟ್ಟಿ ಸುತ್ತಿತ್ತು. ಮಸಿ ಒರೆಸಿದರೆ ಕೆಳಗೆ ತಂಪು ಪಾನೀಯದ ಡಬ್ಬಿಯ ಕಿತ್ತಳೆ ಬಣ್ಣ.

ಅಪ್ಪ ಅಣ್ಣನ ಸೈಕಲ್ಲಿಗೆ ಗೇರೆಣ್ಣೆ ಹೊಯ್ದ ಕಾಲಕ್ಕೆ ನಮ್ಮ ಕಡೆ ಅಂಥ ಡಬ್ಬಿಗಳೇ ಇರಲಿಲ್ಲ. ಅದು ಮೇಸ್ತ್ರಿಯವರ ಹಲಗೆಯ ಮೇಲಿನ ತಗಡು. ಸೀಟಿನ ಕಂಬವನ್ನು ಪೈಪಿಗೆ ಇಳಿಸಿ, ಸಡಿಲವಾದದ್ದಕ್ಕೆ ತಗಡು ಸುತ್ತಿ, ಮೇಲಿಂದ ಗೇರೆಣ್ಣೆ ಹೊಯ್ದವರು ಅವರೇ. ಆಗ ನನಗೆ ಬೆಂಚಿನ ಮೇಲೆ ಇದ್ದ ಸೀಟಿನ ಕಂಬ ನೆನಪಾಯಿತು. ಬಿಚ್ಚಿದ ದಿನವೇ ಅದು ಪೈಪಿನಿಂದ ಸಲೀಸಾಗಿ ಹೊರಬಂದು ಬೆಂಚಿನ ಮೇಲೆ ಕೂತಿತ್ತು. ಅಣ್ಣನ ಸೈಕಲ್ಲಾಗಿದ್ದರೆ ಬೆಂಕಿಯಲ್ಲಿ ಕಾಯಿಸದೆ ಅದು ಬರುತ್ತಲೇ ಇರಲಿಲ್ಲ. ಇದು ಅಣ್ಣನದ್ದಲ್ಲ ಎಂದು ಮೇಸ್ತ್ರಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಗಿ, ನಾನು ಅಪ್ಪ ಊಟ ಬಿಟ್ಟು ಎದ್ದ ಕಥೆ ಹೇಳಿದ್ದನ್ನು ಕೇಳಿ, ಆತು ಕಟ್ವ ಅಂದಿದ್ದರು.

ಮೊದಲು ಬಂದದ್ದು ಸಿಟ್ಟು. ಸತ್ತವರ ಮೇಲೆ ಸಿಟ್ಟು ಮಾಡಿ ಏನು ಬಂತು? ಆದರೂ ಅಲ್ಲೇ ಅವರನ್ನು ಬೈದೆ, ಬಾಯಿ ಬಿಟ್ಟೇ ಬೈದೆ, ಅಂಗಡಿಯವರು ನನ್ನ ಮುಖ ನೋಡಿದರು. ಆಮೇಲೆ ಕೂರಲು ಜಾಗ ಕೇಳಿ ಕೂತೆ. ಒಳ್ಳೆಯ ಉಕ್ಕಿಗೆ ಗೇರೆಣ್ಣೆ ಹಾಕುವುದು ಕೊಲೆ ಮಾಡಿದ ಹಾಗೆ ಎಂದು ನಮ್ಮ ಅಂಗಳದಲ್ಲಿ ಕೂಗಾಡಿದವರು, ಅಪ್ಪ ಬಂದು ಮೊದಲು ಹಿಡಿಯುವುದು ಸೀಟನ್ನೇ ಎಂದು ತಿಳಿದು, ತಾವೇ ಅದನ್ನು ಕಾಯಿಸಿ ಹೊಯ್ದು ಕೈ ಸುಟ್ಟುಕೊಂಡಿದ್ದರು. ಅಣ್ಣನ ಸೈಕಲ್ಲು ಎಲ್ಲೋ ಕರಗಿ ಸರಳಾಗಿಯೋ ಸಲಾಕೆಯಾಗಿಯೋ ಹೋಗಿದೆ, ಇನ್ನು ಬರುವುದಿಲ್ಲ ಎಂದು ನನಗೆ ಆ ಅಂಗಡಿಯಲ್ಲಿ ಕೂತಾಗ ಖಾತ್ರಿಯಾಯಿತು. ದುಃಖವಾಯಿತು. ಕಣ್ಣಿಗೆ ಇನ್ನು ಹುಡುಕುವ ಕೆಲಸ ಇಲ್ಲ ಎಂದು ಸ್ವಲ್ಪ ಹಗುರವೂ ಆಯಿತು.

ಮನೆಯಲ್ಲಿ ಅಪ್ಪ ಕಾಯುತ್ತಿದ್ದ. ಇದನ್ನು ಅವನಿಗೆ ಹೇಳುವುದು ನನ್ನಿಂದ ಆಗದ ಕೆಲಸ. ಸೀಟನ್ನು ಮೊದಲಿದ್ದ ಎತ್ತರಕ್ಕೇ ಕೂರಿಸಿ, ಒಳಗೆ ಗೇರೆಣ್ಣೆ ಹಾಕಿ ಎಂದು ಹೊನ್ನಾವರದವರಿಗೆ ಹೇಳಿದೆ. ಅದು ಸೈಕಲ್ ಕೊಲ್ಲುವ ಕೆಲಸ, ತಾವು ಕೈ ಹಚ್ಚುವುದಿಲ್ಲ ಅಂದರು. ಬಂದರಿನಲ್ಲಿ ದೋಣಿ ಕಟ್ಟುವವರ ಹತ್ತಿರ ಹೋಗಿ ಗೇರೆಣ್ಣೆ ತಂದು ನಾನೇ ಕಾಯಿಸಿ ಹೊಯ್ದೆ. ಹೊಯ್ಯುವಾಗ ಬೆರಳಿಗೆ ತಾಗಿತು. ಗಟ್ಟಿಯಾಗುವ ತನಕ ಸೈಕಲ್ಲನ್ನು ಅಲ್ಲೇ ಬಿಟ್ಟು, ಕೆಲಸ ಇನ್ನೂ ಮುಗಿದಿಲ್ಲ ಎಂದು ಅಪ್ಪನಿಗೆ ಹೇಳಿ, ಕೆಲವು ದಿನ ಕಳೆದು ಮನೆಗೆ ತಂದೆ. ಅಷ್ಟು ಹೊತ್ತಿಗೆ ಬೆರಳ ತುಂಬ ಗುಳ್ಳೆ.

ಸೀಟು ಇಳಿಯಿತಾ ಎಂದು ಅಪ್ಪ ಕೇಳಿದ. ಇಲ್ಲ ಅಪ್ಪ, ಬೆಂಕಿಯಲ್ಲಿ ಕಾಯಿಸಿ ನೋಡಿದರು, ಅಲ್ಲಾಡಲೇ ಇಲ್ಲ ಅಂದೆ. ಅಪ್ಪ ಸೀಟಿನ ಕಡೆ ಹೋಗಲಿಲ್ಲ. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದ.

"ಎಂತ ಆತು ಮಗಾ?"

"ಚಾ ಚೆಲ್ಲಿತು."

ಅಪ್ಪ ಎದ್ದು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದ. ಪಕ್ಕದಲ್ಲಿ ಕೂತು, ಒಂದೊಂದೇ ಬೆರಳಿಗೆ ನಿಧಾನ ಸವರಿದ.

"ಗೇರೆಣ್ಣೆಗೆ ಇದೇ ಮದ್ದು," ಅಂದ. "ಮೇಸ್ತ್ರಿಗೂ ಇದನ್ನೇ ಹಚ್ಚಿದ್ದೆ."

ಸೈಕಲ್ಲು ಬಂದ ದಿನವೇ ಅಪ್ಪನಿಗೆ ಎಲ್ಲ ಗೊತ್ತಾಗಿತ್ತು. ಊರ ಸುದ್ದಿಯನ್ನೆಲ್ಲ ಬಸ್ಸಿಗಿಂತ ಮುಂಚೆ ಮುಟ್ಟಿಸುತ್ತಿದ್ದ ಆ ಮನುಷ್ಯ, ಅಪ್ಪನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು, ನಾನು ತಂದ ಚಾ ಕುಡಿದು, ನನಗೆ ಒಂದು ಮಾತೂ ಹೇಳದೆ ಎದ್ದು ಹೋಗಿದ್ದರು. ನಾನು ಈಗಲೂ ಬಸ್ ನಿಲ್ದಾಣಕ್ಕೆ ನಡೆದೇ ಹೋಗುತ್ತೇನೆ. ಸೈಕಲ್ಲು ಜಗಲಿಯ ಮೂಲೆಯಲ್ಲಿದೆ, ಬೆಳಿಗ್ಗೆ ಅಪ್ಪ ಒರೆಸುತ್ತಾನೆ, ಭಾನುವಾರ ನಾನು ಒರೆಸುತ್ತೇನೆ.